ಬೆಳ್ಳುಳ್ಳಿ ಪಾತಿ

ಇಪ್ಪತ್ತಮೂರು ವರ್ಷ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತವಳಿಗೆ ಸುಳ್ಳು ಹೇಳುವುದೂ ಒಂದು ಕಷ್ಟವೇ? ಬಸ್ಸು ಡಿಪೋದಲ್ಲೇ ಕೆಟ್ಟು ನಿಂತಿದೆಯೆಂದು ಚೆನ್ನಾಗಿ ಗೊತ್ತಿದ್ದರೂ "ಬಂತು, ಇನ್ನು ಹತ್ತು ನಿಮಿಷ" ಎನ್ನುತ್ತಾಳೆ ಪುಟ್ಟಿ. ನಿಜ ಹೇಳಿದರೆ ಜನ ಗಾಜಿಗೆ ಮೂಗೊತ್ತಿ ಜಗಳಕ್ಕೆ ನಿಲ್ಲುತ್ತಾರೆ. ಹತ್ತು ನಿಮಿಷ ಎಂದರೆ ಹೋಗಿ ಬೆಂಚಿನ ಮೇಲೆ ಕೂರುತ್ತಾರೆ. ಆ ಹತ್ತು ಕಳೆದ ಮೇಲೆ ಇನ್ನೊಂದು ಹತ್ತು. ಅವಳನ್ನು ಕೇಳಿದರೆ ಇದು ಸುಳ್ಳೇ ಅಲ್ಲ, ಉಪಕಾರ. ಐವತ್ತೊಂದು ವರ್ಷದ ಹೆಂಗಸನ್ನು ಪುಟ್ಟಿ ಎನ್ನುವುದು ಅಷ್ಟು ಚೆನ್ನಾಗಿಲ್ಲ, ನಿಜ. ಆದರೆ ಅಕ್ಕ ಹಾಗೇ ಕರೆದು ಕರೆದು ಬೀದಿಗೆಲ್ಲ ಅದೇ ರೂಢಿಯಾಗಿದೆ, ನಮಗೂ ಅದೇ ಇರಲಿ.

ಆ ಉಪಕಾರವನ್ನು ಅವಳು ಮನೆಗೂ ತಂದಳು. ಎಡವಟ್ಟಾಗಿದ್ದು ಅಲ್ಲಿ.

ಮನೆಯಲ್ಲಿ ಇಬ್ಬರೇ. ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವಳು. ಮೂವತ್ತು ವರ್ಷ ಊರವರ ಅಂಗಿ ಕತ್ತರಿಸಿ ನಿವೃತ್ತಳಾದಳು. ಮದುವೆಯೆಂಬ ಉಸಾಬರಿಗೆ ಹೋದವಳಲ್ಲ. ಪುಟ್ಟಿ ಹೋಗಿದ್ದಳು, ಎರಡೇ ವರ್ಷಕ್ಕೆ ಒಂದು ಟ್ರಂಕು ಹೊತ್ತು ವಾಪಸು ಬಂದಳು. "ಬಂದ್ಯಾ? ಸರಿ, ಕೈಕಾಲು ತೊಳ್ಕೊ. ಹುರುಳಿಕಾಯಿ ಬಿಡಿಸೋದಿದೆ" ಎಂದಳು ಅಕ್ಕ, ಅಷ್ಟೇ. ಆ ವಿಷಯವನ್ನು ಮತ್ತೆ ಆ ಮನೆಯಲ್ಲಿ ಯಾರೂ ಎತ್ತಿಲ್ಲ.

ಮನೆಯ ಹಿಂದೆ ನಾಲ್ಕು ಪಾತಿಯ ತರಕಾರಿ ತೋಟ. ಅಕ್ಕನಿಗೆ ಅದು ತೋಟವೆಂದರೆ ತೋಟ, ಮೇಜಿನ ಮೇಲೆ ಹಾಸಿದ ಬಟ್ಟೆಯೆಂದರೆ ಬಟ್ಟೆ. ಪ್ರತಿ ಚಳಿಗಾಲವೂ ಒಂದು ಹಳೆಯ ಬಿಳಿ ದುಪ್ಪಟಿ ಹರಡಿ, ಸೀಮೆಸುಣ್ಣದಲ್ಲಿ ನಾಲ್ಕು ಪಾತಿ ಗೆರೆ ಎಳೆಯುವಳು. ಕಂದು ಕಾಗದದಲ್ಲಿ ಒಂದೊಂದು ತರಕಾರಿಗೂ ಅದು ಹಿಡಿಯುವ ಜಾಗದ ಅಳತೆಗೆ ತುಂಡು ಕತ್ತರಿಸುವಳು. ಆಮೇಲೆ ಆ ತುಂಡುಗಳನ್ನು ಅತ್ತ ಸರಿಸಿ, ಇತ್ತ ತಿರುಗಿಸಿ, ಕೋಸಿದ್ದ ಕಡೆ ಈ ವರ್ಷ ಕೋಸು ಬಾರದಂತೆ, ಒಂದು ಅಂಗುಲವೂ ದಂಡವಾಗದಂತೆ ಕೂರಿಸಿ ಗುಂಡುಸೂಜಿ ಚುಚ್ಚುವಳು. ಕಾರ್ಖಾನೆಯಲ್ಲಿ ಸೈಜು ಬರೆಯುತ್ತಿದ್ದ ಜಾಗದಲ್ಲಿ, ಅಂದರೆ ತುಂಡಿನ ಬಲ ಅಂಚಿನಲ್ಲಿ, ಬಿತ್ತಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಎಂದು ಬರೆದಿರುತ್ತಾಳೆ. ಬೀಜದ ಅಂಗಡಿಯವನು ಕೂಡ ಅನುಮಾನ ಬಂದರೆ ಅಕ್ಕನನ್ನೇ ಕೇಳುತ್ತಿದ್ದ.

ಬೆಳ್ಳುಳ್ಳಿಯದು ಮಾತ್ರ ಬೇರೆ ದಾರಿ. ಬೆಟ್ಟದ ಮೇಲಿನ ಈ ಊರಲ್ಲಿ ಅದನ್ನು ಚಳಿ ಬಿದ್ದು ನೆಲ ಹೆಪ್ಪುಗಟ್ಟುವ ಮುಂಚೆ ಊರಬೇಕು. ಚಳಿಯುದ್ದಕ್ಕೂ ಒಣಹುಲ್ಲಿನ ಕೆಳಗೆ ಬೇರುಬಿಟ್ಟು, ಹಸಿರು ಮೂತಿ ಹೊರಗೆ ಚಾಚಿ, ಮುಂದಿನ ಬೇಸಿಗೆಗೆ ಗೆಡ್ಡೆ ಕೊಡುತ್ತದೆ. ಎಂಟು ತಿಂಗಳ ಬೆಳೆ. ಅಕ್ಕ ಹನ್ನೊಂದು ವರ್ಷದಿಂದ ಒಂದೇ ತಳಿಯನ್ನು ಉಳಿಸಿಕೊಂಡು ಬಂದವಳು. ಪ್ರತಿ ಸಲ ಎಲ್ಲಕ್ಕಿಂತ ದಪ್ಪನೆಯ ನಲವತ್ತು ಗೆಡ್ಡೆ ಆರಿಸಿ, ಜುಟ್ಟು ಹಿಡಿದು ಜಡೆ ಹೆಣೆದು, ಅಡುಗೆಮನೆ ಬಾಗಿಲ ಮೇಲೆ ತೂಗುಹಾಕುವಳು. ಅದು ಬಿತ್ತನೆಗೆ. ಮನೆಯಲ್ಲಿ ಬೆಳ್ಳುಳ್ಳಿ ಮುಗಿದು ಅಡುಗೆ ಸಪ್ಪೆಯಾದರೂ ಆ ಜಡೆಗೆ ಕೈ ಹೋಗಕೂಡದು, ಹೋದರೆ ಅಕ್ಕನ ಬಾಯಿಗೆ ಸಿಕ್ಕಬೇಕಾಗುತ್ತದೆ.

ಎಲೆ ಉದುರುವ ಕಾಲಕ್ಕೆ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಆಸ್ಪತ್ರೆಯಲ್ಲಿ ಎರಡು ವಾರ ಅದೂ ಇದೂ ಪರೀಕ್ಷೆ. ಕೊನೆಯ ದಿನ, ಒಳಗೆ ಅಕ್ಕ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ, ಡಾಕ್ಟರು ಪುಟ್ಟಿಯನ್ನು ಕಾರಿಡಾರಿಗೆ ಕರೆದರು. "ಚಳಿಗಾಲ ದಾಟಿದರೆ ಅದೃಷ್ಟ ಅಂದ್ಕೊಳ್ಳಿ. ಬೇಸಿಗೆ ತನಕ ಬರಲ್ಲ. ಅವರಿಗೆ ಹೇಳೋದು ಬಿಡೋದು ನಿಮಗೆ ಸೇರಿದ್ದು" ಎಂದರು. ಅವರ ಜೇಬಿನಲ್ಲಿ ಮೂರು ಪೆನ್ನುಗಳಿದ್ದವು, ಒಂದರ ಮುಚ್ಚಳ ಇರಲಿಲ್ಲ. ಪುಟ್ಟಿಗೆ ಆ ಹೊತ್ತಿನದು ನೆನಪಿರುವುದು ಅಷ್ಟೇ.

ಅಕ್ಕ ಹೊರಗೆ ಬಂದು, "ಏನಂತೆ?" ಎಂದಳು.

"ಹುಣ್ಣಂತೆ. ಮಾತ್ರೆ ಸರಿಯಾಗಿ ತಗೊಂಡ್ರೆ ಬೇಸಿಗೆ ಹೊತ್ತಿಗೆ ಓಡಾಡ್ಕೊಂಡಿರ್ತೀಯಂತೆ."

"ಅಷ್ಟಕ್ಕೆ ಎರಡು ವಾರ ಸೂಜಿ ಚುಚ್ಚಿದ್ರಾ ಮುಂಡೇವು" ಎಂದು ಅಕ್ಕ ಚಪ್ಪಲಿ ಮೆಟ್ಟಿದಳು.

ಆ ವಾರವೇ ಬೆಳ್ಳುಳ್ಳಿ ಊರಬೇಕಿತ್ತು. ಅಕ್ಕನಿಗೆ ಬಗ್ಗಲು ಆಗುತ್ತಿರಲಿಲ್ಲ, ಹಾಗಾಗಿ ಕೆಲಸ ಪುಟ್ಟಿಯ ಪಾಲಿಗೆ ಬಂತು. ಅವಳು ಜಡೆ ಇಳಿಸಿಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತಳು. ಮೊದಲ ಗೆಡ್ಡೆ ಒಡೆದು ಎಸಳು ಬಿಡಿಸಿದಳು. ಎಂಟು ತಿಂಗಳು ಎಂದುಕೊಂಡಳು. ಎಂಟು ತಿಂಗಳಾದ ಮೇಲೆ ಇದನ್ನು ಕೀಳುವಾಗ ಪಕ್ಕದಲ್ಲಿ ನಿಂತು "ಜುಟ್ಟು ಹಿಡಿದು ಎಳೀಬೇಡ, ಗೋರು ಹಾಕು" ಎಂದು ಬಯ್ಯುವವರು ಯಾರು? ಆ ದಪ್ಪ ಎಸಳುಗಳ ಮೇಲೆ, ಬೇಸಿಗೆ ಕಾಣುವುದು ತಮ್ಮ ಹಕ್ಕು ಎನ್ನುವಂತೆ ಬಿಮ್ಮನೆ ಕೂತಿದ್ದ ಅವುಗಳ ಮೇಲೆ, ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ಒಳಗೆ ಹೋಗಿ, ಅಷ್ಟನ್ನೂ ಜಜ್ಜಿ ಅಡುಗೆಗೆ ಹಾಕಿದಳು.

ಮರುದಿನ ಇನ್ನೊಂದು ಗೆಡ್ಡೆ, ಅದರ ಮರುದಿನ ಮತ್ತೊಂದು. ನಾಳೆ ಊರಿದರಾಯಿತು, ಇನ್ನೂ ಮೂವತ್ತೈದಿದೆ ಎನ್ನುವಳು. ನಾಳೆ ಊರಿದರಾಯಿತು, ಇನ್ನೂ ಇಪ್ಪತ್ತಿದೆ. ಒಂದೂವರೆ ತಿಂಗಳಲ್ಲಿ ಹನ್ನೊಂದು ವರ್ಷದ ತಳಿ ಇಬ್ಬರು ಹೆಂಗಸರ ಹೊಟ್ಟೆಗೆ ಹೋಯಿತು. ಅಕ್ಕ ಊಟ ಸೇರದಿದ್ದರೂ ಎರಡು ತುತ್ತು ಹೆಚ್ಚೇ ತಿಂದು, "ಎಲ್ಲಿ ತಂದೆ ಈ ಬೆಳ್ಳುಳ್ಳೀನ? ನಮ್ಮದರಷ್ಟೇ ಖಾರ ಇದೆಯಲ್ಲೇ" ಎಂದಳು. "ಹೊಸ ಅಂಗಡಿ" ಎಂದಳು ಪುಟ್ಟಿ. ಬೆಳ್ಳುಳ್ಳಿಗೆಂದು ಗೊತ್ತುಮಾಡಿದ್ದ ಮೂರನೆಯ ಪಾತಿಯಲ್ಲಿ ಹಳೆಯ ಕೋಸಿನ ಬೊಡ್ಡೆಗಳನ್ನು ಕೂಡ ಕಿತ್ತಿರಲಿಲ್ಲ. ಅದರ ಮೇಲೆ ಮೊಣಕಾಲೆತ್ತರ ಒಣಹುಲ್ಲು ಹರಡಿ, ಊರಿ ಆಯಿತೆಂದು ಹೇಳಿದಳು.

ಚಳಿ ಬಂತು. ಬೆಳಿಗ್ಗೆ ಎದ್ದರೆ ಹಿತ್ತಿಲ ನಲ್ಲಿಯ ಬಾಯಲ್ಲಿ ನೀರು ಗಾಜಿನ ಕಡ್ಡಿಯಾಗಿ ನಿಂತಿರುತ್ತಿತ್ತು. ಅಕ್ಕನ ಮಂಚವನ್ನು ಹಿತ್ತಿಲ ಕಡೆಯ ಕಿಟಕಿಗೆ ಒತ್ತರಿಸಿದ್ದರು, ಅಲ್ಲಿಂದಲೇ ಅವಳ ದರ್ಬಾರು. ಗುದ್ದಲಿ, ಗೋರು, ಕತ್ತರಿ ಎಲ್ಲ ಒಳಗೆ ತರಿಸಿ, ತಂತಿ ಬ್ರಷ್ಷಿನಲ್ಲಿ ಮಣ್ಣು ಉಜ್ಜಿಸಿ, ಹಿಡಿಗಳಿಗೆ ಎಣ್ಣೆ ಸವರಿಸಿದಳು. ಹುರುಳಿಬಳ್ಳಿಯ ಕೋಲುಗಳಲ್ಲಿ ಪೊಳ್ಳಾದವನ್ನು ಒಲೆಗೆ, ಗಟ್ಟಿಯಾದವನ್ನು ಮೂಲೆಗೆ ಹಾಕಿಸಿದಳು. ಉದುರಿದ ಎಲೆಯನ್ನೆಲ್ಲ ಗೋಣಿಯಲ್ಲಿ ತುಂಬಿಸಿ ಗೊಬ್ಬರದ ಗುಂಡಿಗೆ ಕಳಿಸಿದಳು. ಕೌಂಟರಿನಿಂದ ಬಂದ ಪುಟ್ಟಿಗೆ ಕೂರಲು ಪುರುಸೊತ್ತಿಲ್ಲ. ಪುರುಸೊತ್ತಿಲ್ಲದಿದ್ದುದೇ ಅವಳಿಗೆ ಬೇಕಾಗಿತ್ತು.

ಹಳೆಯ ಬೀಜಗಳ ಪರೀಕ್ಷೆಯನ್ನು ಮಾತ್ರ ಅಕ್ಕ ಯಾರ ಕೈಗೂ ಬಿಡಲಿಲ್ಲ. ಡಬ್ಬದಿಂದ ಹತ್ತು ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕಂಬಳಿಯೊಳಗೆ ಮಗ್ಗುಲಲ್ಲೇ ಇಟ್ಟುಕೊಂಡಳು. ಅಷ್ಟರಲ್ಲಾಗಲೇ ಅವಳಿಗೆ ದಿನಾ ಸಣ್ಣಗೆ ಜ್ವರ. ಐದನೆಯ ದಿನ ಬಟ್ಟೆ ಬಿಚ್ಚಿದರೆ ಕೋಸು ಹತ್ತಕ್ಕೆ ಒಂಬತ್ತು ಮೊಳೆತಿತ್ತು.

"ನೋಡೇ, ಜ್ವರದಿಂದಲೂ ಒಂದು ಕೆಲಸ ಆಯ್ತು" ಎಂದು ಅಕ್ಕ ನಕ್ಕಳು. ಕೊಕ್ಕೆಯಂತೆ ಸಣಕಲಾದ ಬೆರಳಲ್ಲಿ ಮೊಳಕೆ ಎತ್ತಿ ಬೆಳಕಿಗೆ ಹಿಡಿದಳು. ಪುಟ್ಟಿ ನೀರು ಕಾಯಿಸುವ ನೆಪ ಮಾಡಿ ಅಡುಗೆಮನೆಗೆ ಹೋಗಿ ನಿಂತಳು. ಅಲ್ಲಿ ಬಾಗಿಲ ಮೇಲಿನ ಮೊಳೆ ಬರಿದಾಗಿತ್ತು. ಅತ್ತರೆ ಕೇಳಿಸುತ್ತದೆಂದು ನಲ್ಲಿ ಬಿಟ್ಟಳು.

ಚಳಿಗಾಲ ಅರ್ಧ ಕಳೆದ ಮೇಲೆ ಅಕ್ಕ ಬೆಳ್ಳುಳ್ಳಿಯ ಬೆನ್ನು ಹತ್ತಿದಳು.

"ಮೂತಿ ಕಾಣಿಸ್ತಾ?"

"ಕಾಣಿಸ್ತಕ್ಕಾ, ಅಲ್ಲಲ್ಲಿ."

"ಅಲ್ಲಲ್ಲಿ ಅಂದ್ರೆ? ನಲವತ್ತು ಗೆಡ್ಡೆ ಅಂದ್ರೆ ಮುನ್ನೂರು ಎಸಳಾದ್ರೂ ಇರಬೇಕು. ಹುಲ್ಲು ಜಾಸ್ತಿ ಹಾಕಿದೀಯ, ಇಲ್ಲಿಂದಲೇ ಕಾಣುತ್ತೆ ಕೋಟೆ ಥರ. ಉಸಿರು ಕಟ್ಟಿ ಹಳದಿಯಾಗುತ್ತೆ. ಸ್ವಲ್ಪ ತೆಗಿ."

"ನಾಳೆ ತೆಗೀತೀನಿ."

ನಾಳೆ ಎಂಬುದು ಇನ್ನೊಂದು ಹತ್ತು ನಿಮಿಷ. ಆದರೆ ಅಕ್ಕ ಬೆಂಚಿಗೆ ಹೋಗಿ ಕೂರುವವಳಲ್ಲ, ಗಾಜಿನ ಮುಂದೆಯೇ ನಿಂತಳು. ಬೆಳಿಗ್ಗೆ ಬೆಳ್ಳುಳ್ಳಿ, ಸಂಜೆ ಬೆಳ್ಳುಳ್ಳಿ. ಪುಟ್ಟಿಗೆ ತಲೆ ಕೆಟ್ಟುಹೋಯಿತು. ಒಂದು ಮುಂಜಾನೆ, ಅಕ್ಕ ಮಾತ್ರೆಯ ಮಂಪರಿನಲ್ಲಿದ್ದಾಗ, ಅಂಗಡಿಯ ಬೆಳ್ಳುಳ್ಳಿ ಅರ್ಧ ಕಿಲೋ ತಂದು, ಹುಲ್ಲು ಸರಿಸಿ, ಹಾರೆ ಎತ್ತಿ ಹಾಕಿದಳು. ಹಾರೆ ಠಣ್ಣೆಂದು ವಾಪಸು ಪುಟಿಯಿತು. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಇನ್ನೂ ನಾಲ್ಕು ಏಟು ಹಾಕಿದಳು, ಅಂಗೈಯಲ್ಲಿ ಬೊಬ್ಬೆ ಎದ್ದಿತೇ ಹೊರತು ಒಂದು ಎಸಳು ಹಿಡಿಸುವಷ್ಟು ಗುಳಿಯಾಗಲಿಲ್ಲ. ಕೋಸಿನ ಬೊಡ್ಡೆಗಳು ಕಪ್ಪಗೆ ಕೊಳೆತು ಸಾಲಾಗಿ ನಿಂತಿದ್ದವು. ಅವಳು ಮತ್ತೆ ಹುಲ್ಲು ಮುಚ್ಚಿ, ಕೆಲಸಕ್ಕೆ ಹೋದಳು. ಅವತ್ತು ಕೌಂಟರಿನಲ್ಲಿ ಯಾರು ಏನು ಕೇಳಿದರೂ "ಗೊತ್ತಿಲ್ಲ" ಎಂದಳಂತೆ.

ಅವಳ ಭಯ ಬೆಳ್ಳುಳ್ಳಿಯದಲ್ಲ. ಬೈಗುಳದ್ದೂ ಅಲ್ಲ, ಅಕ್ಕನ ಬೈಗುಳ ತಿಂದೇ ಬೆಳೆದವಳು ಅವಳು. ಆ ಹುಲ್ಲು ಸರಿದರೆ ಅಕ್ಕನಿಗೆ ಕಾಣುವುದು ಖಾಲಿ ಪಾತಿಯಲ್ಲ, ಡಾಕ್ಟರು ಕಾರಿಡಾರಿನಲ್ಲಿ ಹೇಳಿದ ಮಾತು. ತನ್ನ ತಂಗಿಯೇ ತನ್ನನ್ನು ಬೇಸಿಗೆಯಿಂದ ಆಗಲೇ ಕಳೆದುಬಿಟ್ಟಿದ್ದಾಳೆ ಎಂಬುದು. ಅದೊಂದು ತಿಳಿಯದೆ ಅಕ್ಕ ಹೋಗಿಬಿಟ್ಟರೆ ಸಾಕು ಎಂದು ಪುಟ್ಟಿ ಬಯಸುತ್ತಿದ್ದಳು. ಬಯಸಿದ್ದು ಏನೆಂದು ಹೊಳೆದಾಗ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಎರಡು ವಾರದ ಹಿಂದೆ ಡಾಕ್ಟರು ಮತ್ತೆ ನೋಡಿ, "ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ" ಎಂದಿದ್ದರು.

ಪಕ್ಕದ ಮನೆಯಲ್ಲಿ ಒಬ್ಬ ಲಾರಿ ಡ್ರೈವರ್, ಈಗ ಲಾರಿ ಬಿಟ್ಟು ಮನೆಯಲ್ಲೇ ಇದ್ದಾನೆ. ಮೂವತ್ತು ವರ್ಷ ಎಂಜಿನ್ ಪಕ್ಕ ಕೂತು ಕೂತು, ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುವ ಗಂಟಲು. ಗೊಬ್ಬರ ಮಗುಚಲು ವಾರಕ್ಕೊಮ್ಮೆ ಬರುತ್ತಿದ್ದ. ಒಂದು ಮಧ್ಯಾಹ್ನ, ಅಪರೂಪಕ್ಕೆ ಚೆನ್ನಾಗಿ ಬಿಸಿಲು ಬಿದ್ದಿತ್ತು. ಪುಟ್ಟಿ ಬೆಳಗಿನ ಪಾಳಿ ಮುಗಿಸಿ, ಹಿತ್ತಿಲ ಗೇಟು ತೆಗೆದು ಒಳಗೆ ಕಾಲಿಟ್ಟಳು.

ಮೂರನೆಯ ಪಾತಿಯ ಪಕ್ಕ, ಊಟದ ಮೇಜಿನ ಕುರ್ಚಿಯಲ್ಲಿ, ಎರಡು ಕಂಬಳಿ ಹೊದ್ದು ಅಕ್ಕ ಕೂತಿದ್ದಳು. ತೊಡೆಯ ಮೇಲೆ ದುಪ್ಪಟಿಯ ನಕ್ಷೆ. ಹುಲ್ಲೆಲ್ಲ ಬೇಲಿಯ ಬುಡಕ್ಕೆ ಸರಿದಿತ್ತು. ಡ್ರೈವರ್ ಕೈಯಲ್ಲಿ ಕುಂಟೆ ಹಿಡಿದು ಬೆಪ್ಪಾಗಿ ನಿಂತಿದ್ದ.

"ಪುಟ್ಟಕ್ಕಾ, ನಾನೇನೂ ಮಾಡಿಲ್ಲ!" ಎಂದು ಅರಚಿದ. "ಬಿಸಿಲಿಗೆ ಕೂರಿಸು ಅಂದ್ರು, ಎತ್ಕೊಂಡು ಬಂದೆ. ಹುಲ್ಲು ಎಳಿ ಅಂದ್ರು, ಎಳ್ದೆ. ಕೆಳಗೆ ಏನೂ ಇಲ್ಲ ಕಣ್ರೀ!"

"ಕಾಣುತ್ತೆ ಬಿಡೋ, ನಂಗೂ ಕಣ್ಣಿದೆ" ಎಂದಳು ಅಕ್ಕ. "ನೀನು ಮನೆಗೆ ಹೋಗಿ ಟೀ ಕುಡಿ. ಆಮೇಲೆ ಬಂದು ಒಳಗೆ ಬಿಡುವೆಯಂತೆ."

ಅವನು ಹೋದ. ಗೇಟು ಹಾಕಿಕೊಂಡ ಸದ್ದಾದ ಮೇಲೂ ಅಕ್ಕ ಕೋಸಿನ ಬೊಡ್ಡೆಗಳನ್ನೇ ನೋಡುತ್ತಿದ್ದಳು.

"ಪಾತಿ ಅಗೆದೇ ಇಲ್ಲ ನೀನು."

"ಇಲ್ಲ."

"ಬಿತ್ತನೆ ಬೆಳ್ಳುಳ್ಳಿ ಎಲ್ಲಿ?"

"ಅಡುಗೆಗೆ ಹಾಕಿದೆ."

"ಅಷ್ಟೂ?"

"ಅಷ್ಟೂ." ಪುಟ್ಟಿಗೆ ಒಂದು ಸಂದು ಕಾಣಿಸಿತು, ಅದರಲ್ಲೇ ನುಸುಳಲು ನೋಡಿದಳು. "ಕೆಲಸದ ಗಡಿಬಿಡೀಲಿ ಊರೋದು ಮರೆತುಹೋಯ್ತಕ್ಕಾ. ಹೊತ್ತು ಮೀರಿದ ಮೇಲೆ ಇನ್ನೇನು ಮಾಡ್ಲಿ ಅಂತ ಅಡುಗೆಗೆ ಹಾಕ್ಬಿಟ್ಟೆ. ನನ್ನ ಸೋಮಾರಿತನ. ಬೈದುಬಿಡು."

ಅಕ್ಕ ಬೈಯಲಿಲ್ಲ. "ನೀನು ಕೊಡೆ ಮರೀತೀಯ, ಬೀಗದ ಕೈ ಮರೀತೀಯ" ಎಂದಳು ಮೆಲ್ಲಗೆ. "ನಲವತ್ತು ಗೆಡ್ಡೇನ ದಿನಾ ಒಂದೊಂದಾಗಿ ಸುಲಿದು ಬೇಯಿಸೋದನ್ನ ಯಾರೂ ಮರೆವು ಅನ್ನಲ್ಲ. ಆಸ್ಪತ್ರೆಯಿಂದ ಬಂದ ವಾರವೇ ಅಲ್ವಾ ನಾನು ಊರೋಕೆ ಹೇಳಿದ್ದು? ಆ ವಾರದಿಂದಲೇ ಅಲ್ವಾ ಊಟದಲ್ಲಿ ಆ ಖಾರ ಇದ್ದದ್ದು?"

ಅಕ್ಕ ಬೆರಳು ಮಡಚಿ, ಆ ವಾರದಿಂದ ಬೆಳ್ಳುಳ್ಳಿ ಕೀಳುವ ತನಕದ ತಿಂಗಳು ಎಣಿಸಿದಳು. ಒಂದು ಸಲ ಎಣಿಸಿದಳು, ಮತ್ತೊಂದು ಸಲ ಎಣಿಸಿದಳು. ಮುಖದ ಮೇಲಿನ ಬಿಸಿಲು ಹಾಗೆಯೇ ಇತ್ತು, ಮುಖ ಮಾತ್ರ ನೋಡನೋಡುತ್ತಿದ್ದ ಹಾಗೆ ಇಳಿದುಹೋಯಿತು. ಆಮೇಲೆ ಅವಳು ದುಪ್ಪಟಿಯನ್ನು ಮೊಣಕಾಲ ಮೇಲೆ ಅಗಲವಾಗಿ ಬಿಡಿಸಿಕೊಂಡು, ದೊಡ್ಡದೊಂದು ಕಾಗದದ ತುಂಡಿನ ಮೇಲೆ ಬೆರಳಿಟ್ಟಳು.

"ಟೊಮೇಟೊ. ನೂರ ನಲವತ್ತು ದಿನ. ಹಾಕೋಣ್ವಾ ಪುಟ್ಟಿ?"

ಅಕ್ಕ ಕೇಳುತ್ತಿರುವುದು ಟೊಮೇಟೊವನ್ನಲ್ಲ, ದಿನಗಳನ್ನು ಎಂದು ಪುಟ್ಟಿಗೆ ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು. "ಹಾಕೋಣ ಅಕ್ಕಾ, ಯಾಕೆ ಹಾಕಬಾರದು, ಟೊಮೇಟೊ ಹಾಕದೆ—"

"ನಾನು ನಿನ್ನ ಪ್ಯಾಸೆಂಜರ್ ಅಲ್ಲ ಕಣೇ" ಎಂದಳು ಅಕ್ಕ.

ಪುಟ್ಟಿ ಸುಮ್ಮನಾದಳು. ಅಕ್ಕ ಸ್ವಲ್ಪ ಕಾದು ನೋಡಿ, ಗುಂಡುಸೂಜಿ ಕಿತ್ತು, ಟೊಮೇಟೊವನ್ನು ಕಂಬಳಿಯ ಮೇಲೆ ಹಾಕಿದಳು.

"ಕೋಸು. ನೂರ ಹತ್ತು."

ಪುಟ್ಟಿ ನೆಲ ನೋಡುತ್ತಿದ್ದಳು. ಸೂಜಿ ಕಿತ್ತುಬಂತು.

"ಬಟಾಣಿ. ಎಂಬತ್ತೈದು."

ಬಟಾಣಿಗೆ ಅಕ್ಕ ಹೆಚ್ಚು ಹೊತ್ತು ಕಾದಳು. ಎಳೆ ಬಟಾಣಿಯನ್ನು ಗಿಡದ ಹತ್ತಿರವೇ ಬಿಡಿಸಿ ಬಾಯಿಗೆ ಹಾಕಿಕೊಳ್ಳುವುದು ಅವಳಿಗೆ ಪ್ರಾಣ. ಹೌದು ಎನ್ನಲು ಎಷ್ಟು ಹೊತ್ತು ಬೇಕು? ಇಪ್ಪತ್ತಮೂರು ವರ್ಷ ದಿನಕ್ಕೆ ನೂರು ಸಲ ಹೇಳಿದವಳು. ಅವತ್ತು ಆ ಎರಡಕ್ಷರ ನಾಲಿಗೆಯಿಂದ ಏಳಲೇ ಇಲ್ಲ. ಅಕ್ಕ ಎಳೆದಾಗ ಸೂಜಿ ಒಮ್ಮೆಗೆ ಬರಲಿಲ್ಲ. ಬಟಾಣಿಯ ತುಂಡು ಮೂಲೆಯಲ್ಲಿ ಸ್ವಲ್ಪ ಹರಿಯಿತು.

"ಪಾಲಕ್. ಐವತ್ತು ದಿನ."

ಪುಟ್ಟಿ ತಲೆಯೆತ್ತಿ ಅಕ್ಕನ ಮುಖ ನೋಡಿದಳು. ಐವತ್ತು. ಒಂದೂವರೆ ತಿಂಗಳೆಂದರೆ ನಲವತ್ತೈದು, ಅದರಲ್ಲಿ ಎರಡು ವಾರ ಆಗಲೇ ಕಳೆದಿದೆ. ಅವಳ ಕಣ್ಣು ತುಂಬಿಬಂದು ಪಾಲಕ್ಕಿನ ತುಂಡು ಕಲಸಿಹೋಯಿತು. ಅಕ್ಕನಿಗೆ ಅಷ್ಟೇ ಸಾಕಾಯಿತು, ಅದನ್ನೂ ತೆಗೆದಳು. ದುಪ್ಪಟಿಯಲ್ಲಿ ಸೀಮೆಸುಣ್ಣದ ಗೆರೆ ಮತ್ತು ಸೂಜಿಯ ತೂತುಗಳ ನಡುವೆ ಒಂದೇ ಒಂದು ಸಣ್ಣ ತುಂಡು ಉಳಿದಿತ್ತು.

"ಮೂಲಂಗಿ" ಎಂದಳು ಅಕ್ಕ. ಅವಳ ದನಿ ಈಗ ಬಹಳ ಸಣ್ಣದಾಗಿತ್ತು. "ಸಣ್ಣ ಜಾತಿದು. ಮೂವತ್ತು ದಿನ."

ಪುಟ್ಟಿ ಕಲ್ಲಾದ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಅಕ್ಕನ ಎರಡೂ ಪಾದಗಳನ್ನು ಕಂಬಳಿಯ ಸಮೇತ ಹಿಡಿದುಕೊಂಡಳು.

"ಹಾಕೋಣ ಅಕ್ಕಾ" ಎಂದಳು.

ಅಕ್ಕ ತಲೆಯಾಡಿಸಿದಳು. ಮೂಲಂಗಿಯ ಸೂಜಿಯನ್ನು ಮುಟ್ಟಲಿಲ್ಲ. "ಹಾಳಾದ್ದು, ನಂಗೆ ಮೂಲಂಗಿ ಕಂಡ್ರೇ ಆಗಲ್ಲ" ಎಂದಳು. ಪುಟ್ಟಿಗೆ ನಗು ಬಂತು, ಬಂದದ್ದು ನಗುವಾಗಿ ಉಳಿಯಲಿಲ್ಲ, ಅಕ್ಕನ ಮೊಣಕಾಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ತಂಗಿಯ ತಲೆಯ ಮೇಲೆ ಕೈಯಿಟ್ಟುಕೊಂಡು, ಬೇಲಿಯಾಚೆ ಎಲ್ಲೋ ನೋಡುತ್ತ ಕೂತಿದ್ದಳು. ಬಿಸಿಲು ಗೋಡೆ ಹತ್ತತೊಡಗಿದಾಗ ಅವಳೇ ಪುಟ್ಟಿಯ ಭುಜ ತಟ್ಟಿದಳು.

"ಏಳು. ಈ ನೆಲದಲ್ಲಿ ಆಗಲ್ಲ. ಬಕೆಟ್ಟಿಗೆ ಗೊಬ್ಬರದ ಗುಂಡಿಯ ಮಣ್ಣು ತುಂಬಿ ನನ್ನ ಕಿಟಕಿ ಹತ್ರ ಇಡು. ಇವತ್ತೇ ಬಿತ್ತು, ನಾಳೆ ಅನ್ನಬೇಡ. ನಾಳೆ ಅಂದ್ರೆ ಒಂದು ದಿನ ಹೋಯ್ತು."

ಪುಟ್ಟಿ ಮೂಗು ಒರೆಸಿಕೊಂಡು, ಬಕೆಟ್ಟು ತರಲು ಒಳಗೆ ಹೋದಳು.